ಶಿಕಾಗೋದ ಮ್ಯಾಗ್ನೆಟ್ ಶಾಲೆ: ಬಣ್ಣದ ಲೆಕ್ಕ ಹೋಗಿ ವಿಳಾಸದ ಲೆಕ್ಕ ಬಂತು

ಶಿಕಾಗೋದಲ್ಲಿ ಮಗುವನ್ನು ಸರ್ಕಾರಿ ಮ್ಯಾಗ್ನೆಟ್ ಶಾಲೆಗೆ, ಅಂದರೆ ಊರಿನ ಯಾವ ಮೂಲೆಯಿಂದಲಾದರೂ ಅರ್ಜಿ ಹಾಕಬಹುದಾದ ಶಾಲೆಗೆ, ಸೇರಿಸಬೇಕು ಅನ್ನುವವರು ಮೊದಲು ತಿಳಿದುಕೊಳ್ಳಬೇಕಾದ್ದು ತಮ್ಮ ಮನೆ ಯಾವ ಟಿಯರ್‌ಗೆ, ಅಂದರೆ ಬಡಾವಣೆಗಳ ಸ್ಥಿತಿಗತಿ ನೋಡಿ ಮಾಡಿದ ನಾಲ್ಕು ದರ್ಜೆಗಳಲ್ಲಿ ಯಾವುದಕ್ಕೆ, ಸೇರಿದೆ ಅನ್ನುವುದು. ನಮ್ಮಲ್ಲಿ ಜಾತಿ ಪ್ರಮಾಣಪತ್ರ ಹಿಡಿದು ಓಡಾಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಸೀಟು ಹಂಚುವಾಗ ಮಗುವಿನ ಜನಾಂಗ ಕೇಳುವಂತಿಲ್ಲ, ವಿಳಾಸ ಕೇಳುತ್ತಾರೆ.

ಮೊದಲು ಹಾಗಿರಲಿಲ್ಲ. ಕೇಂದ್ರ ಸರ್ಕಾರದ ಜೊತೆ 1980ರಲ್ಲಿ ಆದ ಕೋರ್ಟ್ ಒಪ್ಪಂದದ ಪ್ರಕಾರ, ಬೇರೆ ಬೇರೆ ಜನಾಂಗದ ಮಕ್ಕಳು ಬೆರೆತು ಓದಲಿ ಎಂದು, ಮ್ಯಾಗ್ನೆಟ್ ಶಾಲೆಗಳಲ್ಲಿ ಬಿಳಿಯ ಮಕ್ಕಳು ಶೇ. 15ರಿಂದ 35ರೊಳಗೆ ಇರಬೇಕಿತ್ತು. 2007ರಲ್ಲಿ ಸಿಯಾಟಲ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಒಬ್ಬೊಬ್ಬ ಮಗುವಿನ ಜನಾಂಗ ನೋಡಿ ಸೀಟು ಕೊಡುವ ಪದ್ಧತಿಯನ್ನು 5–4ರಲ್ಲಿ ತಳ್ಳಿಹಾಕಿತು. 2009ರಲ್ಲಿ ಶಿಕಾಗೋದ ಒಪ್ಪಂದವೂ ರದ್ದಾಯಿತು. ಟಿಯರ್ ಹುಟ್ಟಿದ್ದು ಆಗ.

ಆದಾಯ, ದೊಡ್ಡವರ ಓದು, ಒಂಟಿ ಪೋಷಕರ ಮನೆಗಳು, ಸ್ವಂತ ಮನೆ, ಇಂಗ್ಲಿಷಲ್ಲದ ಮನೆಮಾತು, ಹತ್ತಿರದ ಶಾಲೆಗಳ ಫಲಿತಾಂಶ: ಇಷ್ಟನ್ನು ಕೂಡಿಸಿ ಪ್ರತಿ ಜನಗಣತಿ ವಲಯಕ್ಕೂ 1ರಿಂದ 4ರ ಟಿಯರ್ ಅಂಕಿ ಕೊಡುತ್ತಾರೆ. 1 ಅಂದರೆ ತೀರಾ ಕಷ್ಟದ ಜಾಗ. ಕನ್ನಡ ಮಾತಾಡುವ ಇಂಜಿನಿಯರ್ ಮನೆಯೂ ಮನೆಮಾತಿನ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ ಅನ್ನುವುದರಲ್ಲೇ ಈ ಅಳತೆ ಎಷ್ಟು ಒರಟು ಅನ್ನುವುದು ಗೊತ್ತಾಗುತ್ತದೆ.

ಮ್ಯಾಗ್ನೆಟ್ ಪ್ರಾಥಮಿಕ ಶಾಲೆಗೆ ಪರೀಕ್ಷೆ ಇಲ್ಲ, ಲಾಟರಿ. ಕಿಂಡರ್‌ಗಾರ್ಟನ್‌ನಲ್ಲಿ 50 ಸೀಟು ಇವೆ ಅಂದುಕೊಳ್ಳಿ. ಅಣ್ಣ ಅಕ್ಕ ಅದೇ ಶಾಲೆಯಲ್ಲಿರುವ ಮಕ್ಕಳಿಗೆ ಮೊದಲು 20 ಹೋದರೆ ಉಳಿದದ್ದು 30. ಅದರಲ್ಲಿ ಶೇ. 40, ಅಂದರೆ 12, ಒಂದೂವರೆ ಮೈಲಿಯೊಳಗಿನವರಿಗೆ. ಕೊನೆಗೆ ನಾಲ್ಕು ಟಿಯರ್‌ಗೆ ಉಳಿಯುವುದು 18. ಒಂದೊಂದಕ್ಕೆ ನಾಲ್ಕೋ ಐದೋ! ದೂರದ ಬಡಾವಣೆಯ ಮಗುವಿಗೆ ಇಷ್ಟೇ ಬಾಗಿಲು.

ಪರೀಕ್ಷೆ ಬರೆದು ಸೇರುವ ಹೈಸ್ಕೂಲುಗಳದ್ದು ಬೇರೆ ದಾರಿ: ಶೇ. 30 ಸೀಟು ಬರೀ ಅಂಕದ ಮೇಲೆ, ಉಳಿದ 70 ನಾಲ್ಕು ಟಿಯರ್‌ಗೂ ಸಮಪಾಲು. ಆ ಮೂವತ್ತರಲ್ಲಿ ಬಹುಪಾಲು 4ನೇ ಟಿಯರ್‌ನವರೇ ಗೆಲ್ಲುತ್ತಾರೆ, ಆಮೇಲೆ ತಮ್ಮ ಪಾಲನ್ನೂ ಪಡೆಯುತ್ತಾರೆ. ಬಡ ಬಡಾವಣೆಗೆ ಹೊಸದಾಗಿ ಬಂದು ನೆಲೆಸಿದ ಸಿರಿವಂತರ ಮಗುವಿಗೆ 1ನೇ ಟಿಯರ್‌ನ ಸೀಟು ಸಿಗಬಹುದು. ಮಧ್ಯಮ ವರ್ಗದ ಕಪ್ಪು ಬಡಾವಣೆಯ ಮಗು ಮೇಲಿನ ಟಿಯರ್‌ನಲ್ಲಿ ಪೈಪೋಟಿಗೆ ಬೀಳುತ್ತದೆ. ಒಪ್ಪಂದ ರದ್ದಾದ ಮೇಲೆ ಅತಿ ಬೇಡಿಕೆಯ ಹೈಸ್ಕೂಲುಗಳಲ್ಲಿ ಕಪ್ಪು ಮಕ್ಕಳ ಪಾಲು ಕುಸಿದದ್ದರ ಹಿಂದೆ ಇದೂ ಇದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಸ್ಸಿನದು. 2023ರಲ್ಲಿ ಚಾಲಕರ ಕೊರತೆಯಿಂದ, ಅಂಗವಿಕಲ ಮತ್ತು ನೆಲೆಯಿಲ್ಲದ ಮಕ್ಕಳಿಗೆ ಮಾತ್ರ ಬಸ್ಸು ಉಳಿಸಿ, ಮ್ಯಾಗ್ನೆಟ್ ಶಾಲೆಗಳ ಉಳಿದ ಮಕ್ಕಳಿಗೆ ನಿಲ್ಲಿಸಿದರು. ಐದು ವರ್ಷದ ಮಗುವನ್ನು ಊರಿನ ಇನ್ನೊಂದು ತುದಿಗೆ ದಿನವೂ ಯಾರು ಬಿಟ್ಟು ಬರುತ್ತಾರೆ? ಕಾರಿದ್ದವರು, ಬಿಡುವಿದ್ದವರು. ಲಾಟರಿಯಲ್ಲಿ ಸೀಟು ಬಂದರೂ ಉಳಿದವರು ಮನೆ ಹತ್ತಿರದ ಶಾಲೆಗೇ ಹೋಗಬೇಕಾಗುತ್ತದೆ.