ಮೂಲಿಕೆ ಫಲಕಗಳು: ಆಡುಸೋಗೆ ಮುಗಿಯಿತು, ಬ್ರಾಹ್ಮಿ ಬಾಕಿ

ಕುಂಡಕ್ಕೆ ಬರೀ ಹೆಸರು ಸಿಕ್ಕಿಸಿದರೆ ಸಾಲದು, ಆ ಹೆಸರು ಬಂದದ್ದು ಹೇಗೆಂದೂ ಒಂದೆರಡು ಸಾಲು ಇರಲಿ ಎಂದು ಹಿಡಿದ ಕೆಲಸವಿದು. ಈ ವಾರವೆಲ್ಲ ಆಡುಸೋಗೆಗೇ ಹೋಯಿತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ, ಆ ಗಾದೆಗೆ ಈ ಗಿಡ ಒಪ್ಪುವುದಿಲ್ಲ. ಇದರ ಇನ್ನೊಂದು ಹೆಸರೇ ಆಡುಮುಟ್ಟದ ಸೊಪ್ಪು. ಎಲೆ ಹಿಸುಕಿ ಮೂಸಿ ನೋಡಿ, ಆಡಿನದೇ ಸರಿ ಅನ್ನಿಸುತ್ತದೆ. ನಾಲಿಗೆಗೆ ತಾಗಿದರೆ ಕಹಿ ಬೇಗ ಬಿಡುವುದಿಲ್ಲ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಆಲ್ಕಲಾಯ್ಡನ್ನು, ಅಂದರೆ ಗಿಡದಲ್ಲೇ ಹುಟ್ಟುವ ಒಂದು ರಾಸಾಯನಿಕವನ್ನು, ಆಧರಿಸಿಯೇ ಕೆಮ್ಮಿನ ಸಿರಪ್ಪಿನ ಬ್ರೋಮ್‌ಹೆಕ್ಸಿನ್ ತಯಾರಾದದ್ದು. ತಮಿಳಿನ ಆಡಾತೊಡೈ ಕೂಡ ಆಡು ಮುಟ್ಟದ್ದೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಜಸ್ಟೀಷಿಯ ಅಧತೋಡ ಎಂದು ಕರೆದಾಗ ಆಡು ಕಾಯುವವರ ಮಾತು ಹಾಗೇ ಲ್ಯಾಟಿನ್ನಿಗೆ ಹೋಯಿತು. ಮೊದಲ ಪದ ಮಾತ್ರ ಸ್ಕಾಟ್ಲೆಂಡಿನ ತೋಟಗಾರಿಕೆ ತಜ್ಞ ಜೇಮ್ಸ್ ಜಸ್ಟಿಸ್‌ನದು. ಹಳೆಯ ಪುಸ್ತಕಗಳ ಅಧತೋಡ ವಾಸಿಕ ಇದೇ ಗಿಡ. ಆ ವಾಸಿಕ ಸಂಸ್ಕೃತದ ವಾಸಾ. ಸಂಸ್ಕೃತದಲ್ಲೇ ಸಿಂಹಾಸ್ಯ ಅಂತಲೂ ಇದೆ, ಸಿಂಹದ ಬಾಯಿ. ಬಿಳಿ ಹೂವಿನ ಮೇಲ್ದುಟಿ ಬಾಗಿದೆ, ಕೆಳದುಟಿಯಲ್ಲಿ ನೇರಳೆ ಗೆರೆಗಳಿವೆ. ಪಕ್ಕದಿಂದ ನೋಡಿದರೆ ನಿಜಕ್ಕೂ ಬಾಯಿ ತೆರೆದ ಹಾಗೇ ಇದೆ.

ತೊಡಕು ಎದುರಾದದ್ದು ಆಡುಮುಟ್ಟದ ಬಳ್ಳಿಯಿಂದ. ಅದು ಟೈಲೋಫೋರ ಇಂಡಿಕ, ಬೇರೆ ಕುಟುಂಬದ್ದು. ದಮ್ಮಿಗೆ ಬಳಸುತ್ತ ಬಂದಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಅದರ ಎಲೆ ತಿಂದರೆ ವಾಂತಿಯಾಗುತ್ತದೆ, ಹೆಸರು ನಂಬಿ ಕಿತ್ತರೆ ಕಷ್ಟ. ಆದ್ದರಿಂದ ಎಲ್ಲ ಫಲಕಗಳ ಕೆಳಗೂ ಸಸ್ಯಶಾಸ್ತ್ರೀಯ ಹೆಸರು ಇರಲೇಬೇಕೆಂದು ತೀರ್ಮಾನ.

ಉಳಿದವು ಸಲೀಸು. ಅಶ್ವಗಂಧಕ್ಕೆ ಹಸಿ ಬೇರಿನ ಕುದುರೆ ವಾಸನೆ. ನೆಲನೆಲ್ಲಿಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ, ರೆಂಬೆ ಮಗುಚಿದರೆ ಪುಟ್ಟ ಕಾಯಿಗಳ ಸಾಲು ಕಾಣುತ್ತದೆ. ಅಮೃತಬಳ್ಳಿಗೆ ಸಂಸ್ಕೃತದ ಛಿನ್ನರುಹಾ ಸೇರಿಸಿದೆ: ಕತ್ತರಿಸಿದರೂ ಚಿಗುರುವುದು. ಬಲ್ಲವರಿಗೆ ಅದು ಉತ್ಪ್ರೇಕ್ಷೆ ಅನ್ನಿಸದು.

ಬರವಣಿಗೆಗೆ ಮಾರ್ಕರ್ ಬಿಟ್ಟೆ, ಬಿಸಿಲಿಗೆ ಮಾಸುತ್ತದೆ. ತೆಳು ಅಲ್ಯುಮಿನಿಯಂ ತಗಡಿನ ಮೇಲೆ ಶಾಯಿ ತೀರಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ಕೊರೆದಂತೆ ನಿಲ್ಲುತ್ತದೆ. ಒತ್ತಕ್ಷರ ಬರೆಯುವಾಗ ಮಾತ್ರ ತಗಡಿನಡಿ ಹಳೆಯ ನೋಟ್‌ಬುಕ್ ಇಟ್ಟುಕೊಳ್ಳಬೇಕು.

ಮುಂದಿನದು ಬ್ರಾಹ್ಮಿ. ಕೆಲವರಿಗೆ ಅದು ಒಂದೆಲಗ, ಸಂಸ್ಕೃತದ ಮಂಡೂಕಪರ್ಣಿ. ಇನ್ನು ಕೆಲವರಿಗೆ ನೀರುಬ್ರಾಹ್ಮಿ, ಅಂದರೆ ಬಕೋಪ. ಎರಡೂ ಕುಂಡಗಳು ಅಕ್ಕಪಕ್ಕದಲ್ಲೇ ಇವೆ. ಒಂದೆಲಗಕ್ಕೆ ಒಂದೆಲಗವೆಂದೇ ಬರೆದು, ಬ್ರಾಹ್ಮಿಯನ್ನು ಬಕೋಪಕ್ಕೆ ಬಿಡೋಣ ಅಂತಿದ್ದೇನೆ.