ಬುಕಾರೆಸ್ಟ್‌ಗೆ ಫುಟ್‌ಬಾಲ್ ನೋಡಲು ಹೋಗುವವರೇ, ದೊಡ್ಡ ತಂಡ ಬರುವ ವಾರ ಬಿಟ್ಟುಬಿಡಿ

ರೊಮೇನಿಯಾದಲ್ಲಿ ಫುಟ್‌ಬಾಲ್ ನೋಡುವ ಆಸೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಖಂಡಿತ ಹೋಗಿ, ಆದರೆ ಇಂಗ್ಲೆಂಡಿನ ದೊಡ್ಡ ತಂಡ ಬರುವ ವಾರ ಬೇಡ. ನಾನು ಹೋಗಿದ್ದು ಅಂಥದೇ ವಾರ. 2025ರ ಜನವರಿ 30, ಗುರುವಾರ, ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ, ರಾಜಧಾನಿ ಬುಕಾರೆಸ್ಟಿನ ಕ್ಲಬ್ಬು ಎಫ್‌ಸಿಎಸ್‌ಬಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ. ಪಂದ್ಯದ ಬಗ್ಗೆ ನನ್ನದೇನೂ ದೂರಿಲ್ಲ. ಸಿಟ್ಟು ಬಂದಿದ್ದು ರೂಮಿನ ವಿಷಯಕ್ಕೆ.

ಪ್ರವಾಸಿಗರು ಹೆಚ್ಚಾಗಿ ಉಳಿಯುವುದು ಹಳೇ ಪೇಟೆಯಲ್ಲಿ, ಲಿಪ್ಸ್ಕಾನಿ ಬೀದಿಯ ಸುತ್ತಮುತ್ತ. ನಾನೂ ಅಲ್ಲೇ ಒಂದು ರೂಮು ಬುಕ್ ಮಾಡಿದ್ದೆ. ವಿಮಾನ ಹತ್ತುವ ಹಿಂದಿನ ದಿನ ಮಾಲೀಕರಿಂದ ಮೆಸೇಜ್ ಬಂತು. ಬಾತ್‌ರೂಮಿನ ಪೈಪ್ ಒಡೆದಿದೆ, ದಯವಿಟ್ಟು ಬುಕಿಂಗ್ ನೀವೇ ರದ್ದು ಮಾಡಿ ಅಂತ. ಅನುಮಾನ ಬಂದು ಬೇರೆ ಫೋನಿನಲ್ಲಿ ನೋಡಿದೆ. ಅದೇ ರೂಮು, ಅದೇ ರಾತ್ರಿಗೆ, ಎರಡು ಪಟ್ಟಿಗಿಂತ ಜಾಸ್ತಿ ಬೆಲೆಗೆ ಮತ್ತೆ ಮಾರಾಟಕ್ಕಿತ್ತು! ಪೈಪ್ ಒಡೆದಿರಲಿಲ್ಲ, ಬೆಲೆ ಏರಿತ್ತು ಅಷ್ಟೇ. ನಾನು ರದ್ದು ಮಾಡಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ರದ್ದು ಮಾಡುವುದಿದ್ದರೆ ನೀವೇ ಮಾಡಿ ಅಂದೆ. ಆಮೇಲೆ ಪೈಪಿನ ಮಾತೇ ಇಲ್ಲ.

ಆದರೆ ಅಲ್ಲಿ ಹೋದಾಗ ಕೊಟ್ಟಿದ್ದು ಫೋಟೋದಲ್ಲಿದ್ದ ರೂಮಲ್ಲ. ಕೆಳಗೆ ಬಾರ್. ಕಿಟಕಿ ತೆರೆದರೆ ಎದುರಿಗೆ ಗೋಡೆ. ಬೆಳಗಿನ ಜಾವದ ತನಕ ಸಂಗೀತದ ಧಡಧಡ ಹಾಸಿಗೆಗೇ ಬಡಿಯುತ್ತಿತ್ತು. ಹೀಟರ್ ಕೈಗೆ ಮಾತ್ರ ಬಿಸಿ, ರೂಮಿಗೆ ಇಲ್ಲ. ಇಷ್ಟರ ಮೇಲೆ ಬುಕಿಂಗ್‌ನಲ್ಲಿ ಎಲ್ಲೂ ಇಲ್ಲದ ಕ್ಲೀನಿಂಗ್ ಚಾರ್ಜು, ಅದೂ ನಗದಿನಲ್ಲಿ, ರಸೀದಿ ಇಲ್ಲದೆ. ನನಗೆ ಗದ್ದಲ ಕಷ್ಟವಲ್ಲ. ಜನ ತುಂಬಿದ ಕ್ರೀಡಾಂಗಣ, ಸಂತೆ, ಜಾತ್ರೆ ಎಲ್ಲಾ ಇಷ್ಟ. ಆದರೆ ದುಡ್ಡು ಕೊಟ್ಟ ಮೇಲೆ ನಿದ್ದೆ ಬೇಕು. ಇಂಥ ಮೆಸೇಜ್ ಬಂದರೆ ನೀವಾಗಿಯೇ ರದ್ದು ಮಾಡಬೇಡಿ, ಮಾಡಿದರೆ ನಷ್ಟ ನಿಮ್ಮದೇ. ಮಾತುಕತೆ ಎಲ್ಲಾ ಬುಕಿಂಗ್ ಸೈಟಿನ ಒಳಗೇ ಇರಲಿ.

ಹಾಗಾದರೆ ಎಲ್ಲಿ ಉಳಿಯಬೇಕು? ಊರಿನ ಪೂರ್ವಕ್ಕೆ, ಒಬೋರ್ ಅಥವಾ ಪಿಯಾತ್ಸಾ ಯಾಂಕುಲುಯಿ ಮೆಟ್ರೋ ನಿಲ್ದಾಣದ ಹತ್ತಿರ. ಇದಕ್ಕೆ ಗಟ್ಟಿ ಕಾರಣ ಇದೆ, ಕ್ರೀಡಾಂಗಣ ಇರುವುದು ಆ ಕಡೆಯೇ. ಗುರುವಾರದ ಯುರೋಪಾ ಪಂದ್ಯ ಅಲ್ಲಿನ ಸಮಯದಲ್ಲಿ ಸಂಜೆ 7.45ಕ್ಕೆ ಇಲ್ಲವೇ ರಾತ್ರಿ 10ಕ್ಕೆ ಶುರುವಾಗುತ್ತದೆ. ನಮ್ಮದು 10ರದ್ದು. ಮುಗಿಯುವ ಹೊತ್ತಿಗೆ ಮಧ್ಯರಾತ್ರಿ, ಮೆಟ್ರೋ ಸುಮಾರು 11ಕ್ಕೇ ನಿಂತಿರುತ್ತದೆ. ಆಗ ಟ್ಯಾಕ್ಸಿಯವರದೇ ರಾಜ್ಯ, ಮೀಟರ್ ಹಾಕಲ್ಲ ಅಂತ ಮುಖಕ್ಕೇ ಹೇಳುತ್ತಾರೆ. ಯಾಂಕುಲುಯಿ ಕಡೆ ಉಳಿದಿದ್ದರೆ ಅಭಿಮಾನಿಗಳ ಗುಂಪಿನ ಜೊತೆ ನಡೆದೇ ಮನೆ ಸೇರಬಹುದು. ಪಂದ್ಯಕ್ಕೆ ಹೋಗುವಾಗ ಪಿಯಾತ್ಸಾ ಮುಂಚಿ ನಿಲ್ದಾಣದಲ್ಲಿ ಇಳಿದು ಬಸಾರಾಬಿಯಾ ರಸ್ತೆ ಹಿಡಿದು ನಡೆಯಿರಿ. ದಾರಿ ಕೇಳುವುದೇ ಬೇಡ, ಕೆಂಪು-ನೀಲಿ ಶಾಲುಗಳ ಹಿಂದೆ ಹೋದರೆ ಸಾಕು.

ಒಬೋರ್ ಅಂದೆನಲ್ಲ, ಆ ಮಾರುಕಟ್ಟೆಗೆ ಹೋಗದೆ ಬರಬೇಡಿ. ಹೊರಗೆ ಕೆಂಡದ ಮೇಲೆ ಮಿಚ್ ಸುಡುತ್ತಿರುತ್ತಾರೆ. ಬೆಳ್ಳುಳ್ಳಿ ಹಾಕಿದ ಕೊಚ್ಚಿದ ಮಾಂಸವನ್ನು ಬೆರಳಿನಂತೆ ಉದ್ದಕ್ಕೆ ಹೊಸೆದ ಸಣ್ಣ ತುಂಡುಗಳು, ಜೊತೆಗೆ ಸಾಸಿವೆ ಮತ್ತು ಬ್ರೆಡ್. ಇಷ್ಟು ತುಂಡು ಅಂತ ಎಣಿಸಿ ಕೊಳ್ಳಬೇಕು, ನಿಂತೇ ತಿನ್ನಬೇಕು. ಸಾಮಾನ್ಯವಾಗಿ ಅದರಲ್ಲಿ ದನದ ಮಾಂಸ ಇರುತ್ತದೆ, ತಿನ್ನದವರು ಮೊದಲೇ ತಿಳಿದಿರಿ.

ನನ್ನ ಮನಸ್ಸು ಗೆದ್ದಿದ್ದು ಮಾತ್ರ ಅಲ್ಲೇ ಹತ್ತಿರದ ಒಂದು ಸಣ್ಣ ಊಟದ ಮನೆ. ಇಂಥ ಜಾಗಗಳಿಗೆ ಅಲ್ಲಿನವರು 'ಇಂಪಿಂಜೆ ತಾವಾ' ಅನ್ನುತ್ತಾರೆ, ತಟ್ಟೆ ತಳ್ಳುತ್ತಾ ಹೋಗು ಅಂತ ಅರ್ಥ. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಗಾಜಿನ ಹಿಂದೆ ಅಡುಗೆ ಕಾಣುತ್ತದೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಹಾಗಾಗಿ ಭಾಷೆ ಬರದಿದ್ದರೂ ಪರವಾಗಿಲ್ಲ. ಮೊದಲ ದಿನವೇ ನಾನು ಬೀನ್ಸ್ ಕಾಳಿನ ಚೋರ್ಬಾ ತೆಗೆದುಕೊಂಡೆ. ಹುಳಿ ಸಾರು ಅದು, ಜೊತೆಗೆ ಕಚ್ಚಿಕೊಳ್ಳಲು ಹಸಿ ಈರುಳ್ಳಿ. ಆಮೇಲೆ ಮಮಲಿಗಾ. ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ತಿರುವಿ ಮಾಡಿದ್ದು, ನಮ್ಮ ಮುದ್ದೆಯ ಹಳದಿ ಬಣ್ಣದ ನೆಂಟ. ಮೇಲೆ ಉಪ್ಪಿನ ಚೀಸ್, ಹುಳಿ ಕೆನೆ. ಬಿಸಿಬಿಸಿ. ಬಡಿಸುವ ಅಮ್ಮ ನಾನು ಎರಡನೇ ಸಲ ಹೋದಾಗ ಗುರುತು ಹಿಡಿದು ಕೆನೆ ಒಂದು ಸೌಟು ಜಾಸ್ತಿ ಹಾಕಿದರು. ಹಳೇ ಪೇಟೆಯಲ್ಲಿ ಒಂದು ಕಾಫಿ, ಒಂದು ಕೇಕಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಹೊಟ್ಟೆ ತುಂಬಾ ಊಟ. ಆಮೇಲೆ ಮಧ್ಯಾಹ್ನದ ಊಟಕ್ಕೆ ನಾನು ಬೇರೆಲ್ಲೂ ಹೋಗಲಿಲ್ಲ. ಸಂಜೆಗೆ ತಿನಿಸು ಖಾಲಿಯಾಗುತ್ತದೆ, ಮಧ್ಯಾಹ್ನ ಒಂದು ಗಂಟೆಗೆ ಮುಂಚೆಯೇ ಹೋಗಿ.

ಸಸ್ಯಾಹಾರಿಗಳು 'ದೆ ಪೋಸ್ಟ್' ಎಂಬ ಎರಡು ಪದ ಕಲಿತುಕೊಳ್ಳಿ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಬುಧವಾರ, ಶುಕ್ರವಾರ ಮತ್ತು ಈಸ್ಟರ್, ಕ್ರಿಸ್‌ಮಸ್ ಮುಂಚಿನ ವಾರಗಳಲ್ಲಿ ಸುಲಭವಾಗಿ ಸಿಗುತ್ತದೆ.

ಈಗ ಪಂದ್ಯ. ಅರೆನಾ ನಾಟ್ಸಿಯೊನಾಲಾ 2011ರಲ್ಲಿ ಶುರುವಾದ ಕ್ರೀಡಾಂಗಣ, 55,000ಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಎಫ್‌ಸಿಎಸ್‌ಬಿ 0-2ರಿಂದ ಸೋತಿತು. ದ್ವಿತೀಯಾರ್ಧದಲ್ಲಿ ಯುನೈಟೆಡ್‌ನ ಡಾಲೊ, ಮೈನೂ ಗೋಲು ಹೊಡೆದರು. ಆದರೂ ಯಾರೂ ತಲೆ ತಗ್ಗಿಸಿ ಹೋಗಲಿಲ್ಲ. ಲೀಗ್ ಹಂತದ 8 ಪಂದ್ಯಗಳಲ್ಲಿ 14 ಅಂಕ, 36 ತಂಡಗಳಲ್ಲಿ 11ನೇ ಸ್ಥಾನ! ರೊಮೇನಿಯಾದ ಕ್ಲಬ್ಬಿಗೆ ಇದು ಸಣ್ಣ ಮಾತಲ್ಲ. ಮೂರು ವಾರದ ನಂತರ ಅದೇ ಅಂಗಳದಲ್ಲಿ ಗ್ರೀಸಿನ ಪಾವೊಕ್ ತಂಡವನ್ನು 2-0ರಿಂದ ಸೋಲಿಸಿ ಕೊನೆಯ 16 ತಂಡಗಳ ಘಟ್ಟಕ್ಕೆ ಹೋದರು. ಅಲ್ಲಿ ಲಿಯೋನ್ ಎದುರು ಓಟ ನಿಂತಿತು. ಮೇ ತಿಂಗಳಲ್ಲಿ ಸತತ ಎರಡನೇ ಸಲ ದೇಶದ ಲೀಗ್ ಗೆದ್ದರು, ಎರಡೂ ಸಲ ಕೋಚ್ ಸೈಪ್ರಸ್ಸಿನ ಹರಾಲಾಂಬುಸ್. ಕುತೂಹಲಕ್ಕೆ ಪಾವೊಕ್ ಪಂದ್ಯದ ವಾರದ ರೂಮ್ ಬೆಲೆ ನೋಡಿದೆ. ನನ್ನ ವಾರದ ಅರ್ಧವೂ ಇರಲಿಲ್ಲ. ಗೆಲುವು, ಅಗ್ಗದ ರೂಮು ಎರಡೂ ಸಿಗುತ್ತಿತ್ತು, ಅಲ್ವಾ?

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. 1986ರ ಮೇ 7ರಂದು ಸೆವಿಲ್ಲಾದಲ್ಲಿ ಬಾರ್ಸಿಲೋನಾವನ್ನು ಸೋಲಿಸಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದಿದ್ದು ಸ್ಟಿಯಾವಾ ಬುಕಾರೆಸ್ಟ್. ಪೂರ್ವ ಯುರೋಪಿಗೆ ಆ ಕಪ್ ಬಂದಿದ್ದು ಅದೇ ಮೊದಲು. ಆ ವರ್ಷ ದೇಶದ ಲೀಗ್ ಕೂಡ ಅವರದೇ. ಫೈನಲ್‌ನಲ್ಲಿ ಗೋಲೇ ಇಲ್ಲ. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಡುಕಾಡಾಮ್ ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕೂ ಹೊಡೆತ ತಡೆದರು. ಅವರು ತೀರಿಕೊಂಡಿದ್ದು 2024ರ ಡಿಸೆಂಬರ್‌ನಲ್ಲಿ, ನಾನು ಹೋಗುವ ಸ್ವಲ್ಪ ಮುಂಚೆ. ಆ ಹೆಸರು ಹೇಳಿದರೆ ಸಾಕು, ಪಕ್ಕದ ಸೀಟಿನವರು ಗೆಳೆಯರಾಗಿಬಿಡುತ್ತಾರೆ.

ಆದರೆ ಆ ಸ್ಟಿಯಾವಾ ಯಾರದು ಅನ್ನುವುದೇ ಜಗಳ. ಸ್ಟಿಯಾವಾ ಮೂಲತಃ ಸೇನೆಯ ಕ್ಲಬ್ಬು. ಆ ಹೆಸರಿಗಾಗಿ ಸೇನೆಯ ಜೊತೆ ಕೋರ್ಟಿನಲ್ಲಿ ಸೋತು, ಖಾಸಗಿ ಒಡೆತನದ ಕ್ಲಬ್ಬು 2017ರಲ್ಲಿ ಎಫ್‌ಸಿಎಸ್‌ಬಿ ಅಂತ ಹೆಸರು ಬದಲಿಸಿತು. ಸೇನೆಯ ಸಿಎಸ್‌ಎ ಸ್ಟಿಯಾವಾ ಬೇರೆ ತಂಡ, ಎರಡನೇ ದರ್ಜೆ ಲೀಗ್‌ನಲ್ಲಿ ಆಡುತ್ತದೆ. ಊರಿನ ನೈಋತ್ಯದ ಗೆನ್ಚಾದಲ್ಲಿ ಅದರ ಕ್ರೀಡಾಂಗಣ ಇದೆ. 1974ರ ಹಳೆಯದನ್ನು ಕೆಡವಿ ಹೊಸದು ಕಟ್ಟಿದ್ದಾರೆ, 2021ರಲ್ಲಿ ಶುರುವಾಯಿತು. ಎಫ್‌ಸಿಎಸ್‌ಬಿ ಕೂಡ ಕೆಲವು ಪಂದ್ಯ ಅಲ್ಲಿ ಆಡಿದೆ. ಆದ್ದರಿಂದ ರೂಮು ಹಿಡಿಯುವ ಮೊದಲು ಟಿಕೆಟ್‌ನಲ್ಲಿ ಯಾವ ಕ್ರೀಡಾಂಗಣ ಇದೆ ನೋಡಿ. ಎರಡೂ ಊರಿನ ಎರಡು ತುದಿ.

ಭಾರತೀಯರಿಗೆ ಶೆಂಗೆನ್ ವೀಸಾ ಬೇಕು. ಒಟೊಪೆನಿ ವಿಮಾನ ನಿಲ್ದಾಣದಿಂದ 100 ನಂಬರ್ ಬಸ್ಸು ಹಗಲು ರಾತ್ರಿ ಇರುತ್ತದೆ, ಕಾರ್ಡ್ ತಟ್ಟಿ ಹತ್ತಬಹುದು. ಪಂದ್ಯಕ್ಕೆ ಪಾಸ್‌ಪೋರ್ಟ್ ಜೊತೆಗಿರಲಿ. ಪವರ್ ಬ್ಯಾಂಕು, ಚಿಲ್ಲರೆ ನಾಣ್ಯ ರೂಮಿನಲ್ಲೇ ಬಿಡಿ. ಗೇಟಿನಲ್ಲಿ ನನ್ನ ನಾಣ್ಯಗಳನ್ನೆಲ್ಲ ಡಬ್ಬಕ್ಕೆ ಹಾಕಿಸಿದರು.

ದಿನ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಏಪ್ರಿಲ್-ಮೇ ಆರಿಸಿ. ದೇಶದ ಲೀಗ್‌ನಲ್ಲಿ 16 ತಂಡಗಳು 30 ಸುತ್ತು ಆಡಿದ ಮೇಲೆ ಅಂಕಗಳನ್ನು ಅರ್ಧಕ್ಕೆ ಇಳಿಸಿ, ಮೊದಲ ಆರು ತಂಡಗಳಿಗೆ ಪ್ಲೇ-ಆಫ್, ಅಂದರೆ ಪ್ರಶಸ್ತಿಗಾಗಿ ಇನ್ನೊಂದು ಹಂತ ಇಡುತ್ತಾರೆ. ಪ್ರತಿ ವಾರ ದೊಡ್ಡವರದೇ ಪಂದ್ಯ. ದಿನ, ಸಮಯ ತಡವಾಗಿ ಗೊತ್ತಾಗುತ್ತದೆ, ಶುಕ್ರವಾರದಿಂದ ಸೋಮವಾರದವರೆಗೆ ಯಾವತ್ತಾದರೂ ಆಗಬಹುದು. ಹಾಗಾಗಿ ವಾಪಸ್ ಟಿಕೆಟ್ ಮಂಗಳವಾರಕ್ಕೆ ಮಾಡಿಸಿ.