ಟೇಕ್ ಆಫ್: ನಮ್ಮ ಇಂಗ್ಲಿಷ್ ತರಗತಿಯ ಒಂದು ಪಾಠ

ಈ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು, ಕ್ರಿಯಾಪದಕ್ಕೆ 'ಆಫ್', 'ಆನ್'ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳ ಪಟ್ಟಿ ಬರೆಸಿದವರಲ್ಲ. 'ಟೇಕ್ ಆಫ್' ಒಂದನ್ನೇ ಹಿಡಿದು ಅದರ ಒಳಹೊರಗನ್ನೆಲ್ಲ ತೋರಿಸುತ್ತಿದ್ದರು. ಇದೊಂದು ಕೈವಶವಾದರೆ ಉಳಿದವನ್ನು ನೀವೇ ಬಿಡಿಸಿಕೊಳ್ಳುತ್ತೀರಿ ಎನ್ನುವುದು ಅವರ ನಂಬಿಕೆ. ಈಗಿನ ಮಕ್ಕಳಿಗೂ ಆ ಪಾಠ ಸಿಗಬೇಕೆಂಬ ಆಸೆಯಿಂದ ನೆನಪಿನಲ್ಲಿರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಹಿಡಿಯುತ್ತಿದ್ದುದು 'ಆಫ್' ಅನ್ನು. ತಾಗಿಕೊಂಡಿದ್ದದ್ದು ಬಿಟ್ಟುಬರುವುದೇ ಅದರ ಮೂಲ ಅರ್ಥ. ಕಾಲಿನಿಂದ ಶೂ, ನೆಲದಿಂದ ವಿಮಾನ, ಕೆಲಸದಿಂದ ಎರಡು ದಿನ, ಬಿಲ್ಲಿನಿಂದ ಹತ್ತು ರೂಪಾಯಿ ಹೀಗೆ ಬೇರೆಯಾಗುತ್ತವೆ. ಆಮೇಲೆ ಕೇಳಬೇಕಾದ ಪ್ರಶ್ನೆ, ವಾಕ್ಯದಲ್ಲಿ ಕರ್ಮಪದ ಇದೆಯೇ ಎನ್ನುವುದು. 'ಶಿ ಟುಕ್ ಆಫ್ ಹರ್ ಶೂಸ್' ಅಂದಾಗ 'ಏನನ್ನು?' ಎಂದು ಕೇಳಿದರೆ ಉತ್ತರ ಸಿಗುತ್ತದೆ. ಹಾಗಾಗಿ ಅದು ಕಳಚುವ ಅರ್ಥ. 'ದ ಪ್ಲೇನ್ ಟುಕ್ ಆಫ್' ಅಂದಾಗ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕರ್ಮ ಇಲ್ಲದಿದ್ದರೆ ಕರ್ತೃವನ್ನು ನೋಡಬೇಕು. ವಿಮಾನವೋ ಹಕ್ಕಿಯೋ ಆದರೆ ಮೇಲೇರಿತು. ವ್ಯಾಪಾರವಾದರೆ ಇದ್ದಕ್ಕಿದ್ದಂತೆ ಕುದುರಿತು. ಮನುಷ್ಯನಾದರೆ ಹೆಚ್ಚಾಗಿ ಹೇಳದೆ ಕೇಳದೆ ಹೊರಟುಹೋದ.

ಕನ್ನಡದಲ್ಲಿ ನಾವು ಅಂಗಿ ಬಿಚ್ಚುತ್ತೇವೆ, ಚಪ್ಪಲಿ ಬಿಡುತ್ತೇವೆ, ಬಳೆ ಕಳಚುತ್ತೇವೆ, ಕನ್ನಡಕ ತೆಗೆಯುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ಟೇಕ್ ಆಫ್ ಒಂದೇ ಸಾಕು. ತೊಂದರೆ ಬರುವುದು ನಮ್ಮ 'ತೆಗೆ'ಯನ್ನು ಹಾಗೇ ಅಲ್ಲಿಗೆ ಒಯ್ದಾಗ. ಬಾಗಿಲು ತೆಗೆಯುವುದಕ್ಕೆ 'ಟೇಕ್ ಆಫ್ ದ ಡೋರ್' ಎಂದರೆ ಬಾಗಿಲನ್ನು ಚೌಕಟ್ಟಿನಿಂದಲೇ ಬಿಚ್ಚಿ ಕೆಳಗಿಳಿಸು ಎಂದಾಗುತ್ತದೆ. 'ಲೈಟ್ ತೆಗಿ' ಎನ್ನುವ ಊರಿನವರು ಅಲ್ಲಿ ಟರ್ನ್ ಆಫ್ ಬಳಸಬೇಕು.

ಕರ್ಮಪದದ ಜಾಗ ಇನ್ನೊಂದು ಮುಖ್ಯ ವಿಷಯ. 'ಟೇಕ್ ಆಫ್ ಯುವರ್ ಶೂಸ್', 'ಟೇಕ್ ಯುವರ್ ಶೂಸ್ ಆಫ್' ಎರಡೂ ಸರಿ. ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: 'ಟೇಕ್ ದೆಮ್ ಆಫ್'. 'ಟೇಕ್ ಆಫ್ ದೆಮ್' ತಪ್ಪು. ಇಂಗ್ಲಿಷ್ ವಾಕ್ಯದಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಲ್ಲಿ ಬೀಳುತ್ತದೆ. ಆಗಲೇ ಗೊತ್ತಿರುವುದನ್ನು ಸೂಚಿಸುವ 'ದೆಮ್'ಗೆ ಆ ಒತ್ತು ಒಗ್ಗುವುದಿಲ್ಲ. ಕರ್ಮ ಉದ್ದವಾಗಿದ್ದರೆ, 'ನೀನು ನಿನ್ನೆ ಹಾಕಿಕೊಂಡಿದ್ದ ಆ ನೀಲಿ ಕೋಟು' ಎಂಬಂಥದ್ದಾದರೆ, ಅದನ್ನು ಕೊನೆಗೇ ಇಡುವುದು ಲೇಸು. ನಡುವೆ ತುರುಕಿದರೆ ಓದುವವರು 'ಆಫ್'ಗಾಗಿ ಕಾಯುತ್ತಾ ಕೂರಬೇಕಾಗುತ್ತದೆ. ರಜೆಯ ಅರ್ಥದಲ್ಲಿ ದಿನಗಳು ಸಾಮಾನ್ಯವಾಗಿ ನಡುವೆ ಬರುತ್ತವೆ: 'ಟೇಕ್ ಟೂ ಡೇಸ್ ಆಫ್'. 'ಟೇಕ್ ಟೆನ್ ರುಪೀಸ್ ಆಫ್ ದ ಬಿಲ್' ಎನ್ನುವಾಗ 'ಆಫ್' ಪ್ರಿಪೊಸಿಷನ್ ಆಗಿ 'ಬಿಲ್'ಗೆ ಅಂಟಿಕೊಂಡಿರುತ್ತದೆ. ಬಿಲ್ಲನ್ನು 'ಆಫ್'ಗಿಂತ ಮೊದಲು ತರಲಾಗದು.

ಅರ್ಥದ ಬಗ್ಗೆ ಅನುಮಾನ ಬಂದರೆ ವಿರುದ್ಧಪದ ಹುಡುಕಿ ಎನ್ನುತ್ತಿದ್ದರು. ಬಟ್ಟೆಗೆ ಪುಟ್ ಆನ್, ವಿಮಾನಕ್ಕೆ ಲ್ಯಾಂಡ್, ಬೆಲೆಗೆ ಆಡ್. ಅರ್ಥಗಳು ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ ಬೇರೆ ಇದೆ, ಮೇಷ್ಟ್ರು ಹೆಚ್ಚು ಹೊತ್ತು ನಿಲ್ಲುತ್ತಿದ್ದುದೂ ಅಲ್ಲೇ. ನಾವು 'ವಿಮಾನ ಟೇಕ್ ಆಫ್ ಆಯಿತು', 'ಪೈಲಟ್ ವಿಮಾನವನ್ನು ಟೇಕ್ ಆಫ್ ಮಾಡಿದ' ಎನ್ನುತ್ತೇವೆ. ಹೊರಗಿನ ಯಾವ ಕ್ರಿಯಾಪದ ಬಂದರೂ ಅದಕ್ಕೆ 'ಆಗು', 'ಮಾಡು' ಹಚ್ಚುವುದು ಕನ್ನಡದ ರೂಢಿ. ಆ 'ಆಯಿತು' ಇಂಗ್ಲಿಷಿಗೆ ಹೋಗುವಾಗ 'ವಾಸ್' ಆಗಿಬಿಡುತ್ತದೆ: 'ದ ಫ್ಲೈಟ್ ವಾಸ್ ಟೇಕನ್ ಆಫ್'. ಇದಕ್ಕೆ ವಿಮಾನ ಏರಿತು ಎಂಬ ಅರ್ಥವಿಲ್ಲ. ಆ ಸಂಚಾರವನ್ನೇ ವೇಳಾಪಟ್ಟಿಯಿಂದ ತೆಗೆದುಹಾಕಿದರು ಎಂದಾಗುತ್ತದೆ. ಬಸ್ಸನ್ನು ಮಾರ್ಗದಿಂದ, ನಾಟಕವನ್ನು ರಂಗಮಂದಿರದಿಂದ ಹಿಂತೆಗೆಯುವುದಕ್ಕೂ ಇದೇ ಪ್ರಯೋಗ. ಪೈಲಟ್‌ನ ವಾಕ್ಯದಲ್ಲೂ ವಿಮಾನ ಕರ್ಮವಾಗುವುದಿಲ್ಲ. 'ದ ಪೈಲಟ್ ಟುಕ್ ಆಫ್' ಎಂದರೆ ಮುಗಿಯಿತು. ಎಲ್ಲಿಂದ ಎಂದು ಹೇಳಲು 'ಫ್ರಮ್' ಸೇರಿಸಬೇಕು. ಹಗುರ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ್ದನ್ನು 'ಟುಕ್ ಆಫ್ ಫ್ರಮ್ ಬೆಂಗಳೂರು' ಎಂದೇ ಬರೆಯಬೇಕು.

'ಬಿಟ್ಟುಬರುವುದು' ಎಂಬ ಬೀಗದ ಕೈಗೆ ತೆರೆಯದ ಅರ್ಥವೂ ಒಂದಿದೆ. ಬ್ರಿಟಿಷರ ಇಂಗ್ಲಿಷಿನಲ್ಲಿ ಒಬ್ಬರ ಮಾತು, ನಡಿಗೆಯನ್ನು ಅಣಕಿಸಿ ತೋರಿಸುವುದೂ ಟೇಕ್ ಆಫ್. 1755ರಲ್ಲಿ ಹೊರಬಂದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇಂಥ ಜೋಡಿಪದಗಳ ಮಾತೆತ್ತಿ, ಹೊರನಾಡಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಇವೇ ಎಂದಿದ್ದಾರೆ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಟೇಕ್ ಆಫ್ ಕೂಡ ಇದೆ, ಅರ್ಥ 'ನಕಲು ಮಾಡು'. ಇಂಥವುಗಳಲ್ಲಿ ಕೆಲವು ಬಿಡಿಪದಗಳ ಅರ್ಥದಿಂದ ಎಷ್ಟು ದೂರ ಸರಿದಿವೆಯೆಂದರೆ, ಎಂಥ ಜಾಣರೂ ಅವು ಬಂದ ದಾರಿಯನ್ನು ಹುಡುಕಲಾರರು ಎಂದೂ ಅವರು ಬರೆದಿದ್ದಾರೆ. ಆ ನಿಘಂಟುಕಾರನೇ ಹೀಗೆ ಹೇಳಿರುವಾಗ, ಇಂಥ ಅರ್ಥಗಳನ್ನು ತರ್ಕದಿಂದ ಹೊರಡಿಸಲು ಹೋಗದೆ ವಾಕ್ಯಸಮೇತ ನೆನಪಿಡುವುದೇ ದಾರಿ.

ಇನ್ನು ಉಚ್ಚಾರ, ಬರಹ. ಕ್ರಿಯಾಪದವಾದಾಗ ಒತ್ತು 'ಆಫ್' ಮೇಲೆ, ಎರಡು ಪದಗಳು ಬಿಡಿಬಿಡಿ. ನಾಮಪದವಾದರೆ ಒತ್ತು 'ಟೇಕ್' ಮೇಲೆ, ನಡುವೆ ಅಡ್ಡಗೆರೆ, ಇಲ್ಲವೇ ಕೂಡಿಸಿ ಬರೆಯಬೇಕು. ಉದ್ದ ಜಿಗಿತದ 20 ಸೆಂಟಿಮೀಟರ್ ಅಗಲದ ಟೇಕ್-ಆಫ್ ಬೋರ್ಡ್ ಹೀಗೆ ನಾಮಪದವಾದದ್ದು. ನಿಘಂಟಿನಲ್ಲಿ ಹುಡುಕುವವರು 'ಟೇಕ್' ನಮೂದಿನ ಕೊನೆಯ ಭಾಗಕ್ಕೆ ಹೋಗಬೇಕು. ಕಲಿಯುವವರಿಗೆಂದೇ ಮಾಡಿದ ಕೆಲವು ನಿಘಂಟುಗಳಲ್ಲಿ ಕರ್ಮಪದದ ಪಕ್ಕ ಎರಡೂ ತುದಿಗೆ ಮೊನೆಯಿರುವ ಪುಟ್ಟ ಬಾಣ ಕಾಣುತ್ತದೆ. ಆ ಬಾಣವಿದ್ದರೆ ಕರ್ಮ 'ಆಫ್'ನ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು.